ಸಮ್ಮತಿಯ ಪಠ್ಯ: ಇಂಗ್ಲೆಂಡಿನ ಶಾಲೆಗಳ ಧಾರ್ಮಿಕ ಶಿಕ್ಷಣ ಮತ್ತು ಸ್ಥಳೀಯ ಮೇಲ್ವಿಚಾರಣೆಯ ಸ್ವರೂಪ

ಪ್ರವೇಶ

ಶಾಲೆಯಲ್ಲಿ ಮಗುವಿಗೆ ಧರ್ಮದ ಬಗೆಗೆ ಏನನ್ನು ಹೇಳಿಕೊಡಬೇಕು ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಅದನ್ನು ಯಾರು ನಿರ್ಧರಿಸಬೇಕು ಎಂಬುದೇ ಆ ಪ್ರಶ್ನೆ. ಪ್ರಭುತ್ವ, ಧರ್ಮಸಂಸ್ಥೆ, ಅಧ್ಯಾಪಕವರ್ಗ, ಪಾಲಕರು, ವಿದ್ವಾಂಸರು - ಇವರಲ್ಲಿ ಯಾರ ಮಾತು ಅಂತಿಮವಾಗಬೇಕೆಂಬುದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿವೆ. ಫ್ರಾನ್ಸ್ 1882ರ ಕಾಯಿದೆಯ ಮೂಲಕ ಸಾರ್ವಜನಿಕ ಪ್ರಾಥಮಿಕ ಶಾಲೆಯ ಪಾಠಕ್ರಮದಿಂದ ಧರ್ಮಬೋಧೆಯನ್ನು ಹೊರಗಿಟ್ಟಿತು. ಭಾರತದ ಸಂವಿಧಾನವು ತನ್ನ 28ನೆಯ ಅನುಚ್ಛೇದದಲ್ಲಿ ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸಿತು. ಇಂಗ್ಲೆಂಡ್ ಇವೆರಡಕ್ಕಿಂತ ಭಿನ್ನವಾದ ದಾರಿಯನ್ನು ಹಿಡಿಯಿತು. ಅಲ್ಲಿ ಧಾರ್ಮಿಕ ಶಿಕ್ಷಣ ಕಡ್ಡಾಯ. ಆದರೆ ಅದರಲ್ಲಿ ಏನಿರಬೇಕೆಂಬುದನ್ನು ರಾಷ್ಟ್ರೀಯ ಸರ್ಕಾರ ಬರೆಯುವುದಿಲ್ಲ. ಆಯಾ ಪ್ರದೇಶದ ಧರ್ಮ ಸಮುದಾಯಗಳ, ಅಧ್ಯಾಪಕರ ಹಾಗೂ ಚುನಾಯಿತ ಸ್ಥಳೀಯ ಆಡಳಿತದ ಪ್ರತಿನಿಧಿಗಳು ಒಂದೆಡೆ ಕುಳಿತು ಒಪ್ಪಿದ ಪಠ್ಯಕ್ರಮವೇ ಅಲ್ಲಿನ ಪಠ್ಯಕ್ರಮ. ಅದನ್ನು ‘ಸಮ್ಮತ ಪಠ್ಯಕ್ರಮ’ ಎಂದೇ ಕಾಯಿದೆ ಕರೆಯುತ್ತದೆ.

ಈ ವ್ಯವಸ್ಥೆಯ ಉಗಮ, ವಿಕಾಸ ಮತ್ತು ಇಂದಿನ ಬಿಕ್ಕಟ್ಟನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಮ್ಮತಿ ಎಂಬುದು ಇಲ್ಲಿ ಕೇವಲ ಆಡಳಿತಾತ್ಮಕ ವಿಧಾನವಲ್ಲ. ಯಾರ ಎದುರಿನಲ್ಲಿ ಕುಳಿತು ಪಠ್ಯವನ್ನು ರಚಿಸಲಾಗುತ್ತದೆ ಎಂಬುದು ಪಠ್ಯದ ಸ್ವರೂಪವನ್ನೇ ಬದಲಿಸುತ್ತದೆ ಎಂಬುದು ಇಲ್ಲಿನ ಪ್ರಧಾನ ವಾದ. ಧಾರ್ಮಿಕ ಆಕರಗಳಿಂದಲೇ ಸಮೃದ್ಧವಾಗಿರುವ ಸಾಹಿತ್ಯವನ್ನು ಬೋಧಿಸುವ ಕನ್ನಡ ಅಧ್ಯಾಪಕರಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ ಎಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ವಿವೇಚಿಸಲಾಗಿದೆ.

ಕಲಹದಿಂದ ಸಮ್ಮತಿಯೆಡೆಗೆ

ಸಮ್ಮತ ಪಠ್ಯಕ್ರಮದ ಬೇರುಗಳು ಧರ್ಮಸಮನ್ವಯದ ಆದರ್ಶದಲ್ಲಿಲ್ಲ, ಕ್ರೈಸ್ತ ಪಂಥಗಳ ನಡುವಿನ ಕಲಹದಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಡವರ ಮಕ್ಕಳ ಶಿಕ್ಷಣವನ್ನು ಬಹುಮಟ್ಟಿಗೆ ಚರ್ಚುಗಳೇ ನಡೆಸುತ್ತಿದ್ದವು. 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ಶಾಲೆಗಳಿಲ್ಲದ ಕಡೆ ತೆರಿಗೆದಾರರಿಂದ ಚುನಾಯಿತವಾದ ಶಾಲಾ ಮಂಡಳಿಗಳ ಮೂಲಕ ಹೊಸ ಶಾಲೆಗಳನ್ನು ತೆರೆಯಲು ಅವಕಾಶ ಮಾಡಿಕೊಟ್ಟಿತು. ಆಗ ಎದ್ದ ಪ್ರಶ್ನೆ ಸರಳವಾದುದು, ಆದರೆ ಉತ್ತರಿಸಲು ಕಠಿಣವಾದುದು: ಎಲ್ಲ ಪಂಥದವರೂ ಕೊಟ್ಟ ತೆರಿಗೆಯ ಹಣದಲ್ಲಿ ಯಾವ ಪಂಥದ ನಂಬಿಕೆಯನ್ನು ಕಲಿಸಬೇಕು? ಆಂಗ್ಲಿಕನ್ ಚರ್ಚಿನ ಪ್ರಶ್ನೋತ್ತರ ರೂಪದ ಧರ್ಮಸೂತ್ರಗಳನ್ನು ಬ್ಯಾಪ್ಟಿಸ್ಟ್ ಅಥವಾ ಮೆಥಡಿಸ್ಟ್ ಮನೆಯ ಮಗು ಏಕೆ ಕಂಠಪಾಠ ಮಾಡಬೇಕು?

ಇದಕ್ಕೆ ಆ ಕಾಯಿದೆ ಎರಡು ಪರಿಹಾರಗಳನ್ನು ಸೂಚಿಸಿತು. ಮೊದಲನೆಯದು, ಅದನ್ನು ಮಂಡಿಸಿದ ಸಂಸತ್ ಸದಸ್ಯ ವಿಲಿಯಂ ಕೂಪರ್-ಟೆಂಪಲ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ನಿಯಮ. ಯಾವುದೇ ಒಂದು ಪಂಥಕ್ಕೆ ವಿಶಿಷ್ಟವಾದ ಧರ್ಮಸೂತ್ರವನ್ನಾಗಲಿ ಪ್ರಶ್ನೋತ್ತರಿಯನ್ನಾಗಲಿ ಮಂಡಳಿ ಶಾಲೆಗಳಲ್ಲಿ ಕಲಿಸಬಾರದೆಂದು ಅದು ವಿಧಿಸಿತು. ಎರಡನೆಯದು ಆತ್ಮಸಾಕ್ಷಿಯ ನಿಯಮ. ಪಾಲಕರು ಬಯಸಿದರೆ ತಮ್ಮ ಮಗುವನ್ನು ಧಾರ್ಮಿಕ ಪಾಠದಿಂದ ಹೊರಗಿಡಬಹುದಿತ್ತು. ಅದಕ್ಕೆ ಅನುಕೂಲವಾಗುವಂತೆ ಆ ಪಾಠವನ್ನು ಶಾಲಾ ಅವಧಿಯ ಆರಂಭದಲ್ಲಿ ಅಥವಾ ಕೊನೆಯಲ್ಲಿ ಇಡಬೇಕಾಗಿತ್ತು. ಈ ಎರಡೂ ನಿಯಮಗಳು ಏನನ್ನು ಕಲಿಸಬಾರದು ಎಂಬುದನ್ನು ಮಾತ್ರ ಹೇಳಿದವು, ಏನನ್ನು ಕಲಿಸಬೇಕು ಎಂಬುದನ್ನು ಹೇಳಲಿಲ್ಲ ಎಂಬುದು ಗಮನಾರ್ಹ. ಆ ಖಾಲಿ ಜಾಗವೇ ಮುಂದೆ ಸ್ಥಳೀಯ ಮಾತುಕತೆಯ ಕ್ಷೇತ್ರವಾಯಿತು.

1902ರ ಕಾಯಿದೆ ಶಾಲಾ ಮಂಡಳಿಗಳನ್ನು ರದ್ದುಪಡಿಸಿ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳನ್ನು ಸ್ಥಾಪಿಸಿತು. ಚರ್ಚ್ ಶಾಲೆಗಳಿಗೂ ಸ್ಥಳೀಯ ತೆರಿಗೆಯ ಹಣ ದೊರೆಯುವಂತೆ ಮಾಡಿತು. ಇದನ್ನು ವಿರೋಧಿಸಿ ಆಂಗ್ಲಿಕನ್ನೇತರ ಪ್ರಾಟೆಸ್ಟಂಟರು ತೆರಿಗೆ ನಿರಾಕರಣೆಯ ಚಳವಳಿ ನಡೆಸಿದರು. ಇಂತಹ ವೈಮನಸ್ಯದ ನಡುವೆಯೇ ಕೆಲವು ಪ್ರಾಧಿಕಾರಗಳು ವಿವಿಧ ಪಂಥಗಳ ಪ್ರತಿನಿಧಿಗಳನ್ನು ಒಟ್ಟಿಗೆ ಕೂರಿಸಿ ಎಲ್ಲರೂ ಒಪ್ಪುವ ಬೈಬಲ್ ಪಾಠಗಳ ಪಟ್ಟಿಯನ್ನು ಸಿದ್ಧಪಡಿಸತೊಡಗಿದವು. 1924ರಲ್ಲಿ ಪ್ರಕಟವಾದ ಕೇಂಬ್ರಿಜ್‌ಶೈರ್ ಪಠ್ಯಕ್ರಮ ಇವುಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು. ಇತರ ಅನೇಕ ಪ್ರಾಧಿಕಾರಗಳು ಅದನ್ನೇ ಅಂಗೀಕರಿಸಿದವು. ಹೀಗೆ ಕಾನೂನಿಗಿಂತ ಮೊದಲು ರೂಢಿ ಬೆಳೆಯಿತು.

ಆರ್. ಎ. ಬಟ್ಲರ್ ರೂಪಿಸಿದ 1944ರ ಶಿಕ್ಷಣ ಕಾಯಿದೆ ಈ ರೂಢಿಯನ್ನು ಕಾನೂನಾಗಿಸಿತು. ಸರ್ಕಾರಿ ನೆರವಿನ ಎಲ್ಲ ಶಾಲೆಗಳಲ್ಲಿಯೂ ಧರ್ಮಬೋಧೆ ಮತ್ತು ದಿನನಿತ್ಯದ ಸಾಮೂಹಿಕ ಪ್ರಾರ್ಥನೆ ಕಡ್ಡಾಯವಾದವು. ಆ ಕಾಯಿದೆ ಹೆಸರಿಸಿ ಕಡ್ಡಾಯಗೊಳಿಸಿದ ಬೋಧನಾ ವಿಷಯ ಇದೊಂದೇ. ಪಾಲಕರ ಹಿಂತೆಗೆತದ ಹಕ್ಕು ಉಳಿದುಕೊಂಡಿತು. ಸ್ಥಳೀಯ ಪ್ರಾಧಿಕಾರಗಳ ಶಾಲೆಗಳಿಗೆ ಬೇಕಾದ ಪಠ್ಯಕ್ರಮವನ್ನು ನಾಲ್ಕು ಸಮಿತಿಗಳ ಸಮಾವೇಶವೊಂದು ಸಿದ್ಧಪಡಿಸಬೇಕಾಗಿತ್ತು: ಚರ್ಚ್ ಆಫ್ ಇಂಗ್ಲೆಂಡ್, ಇತರ ಪಂಥಗಳು, ಅಧ್ಯಾಪಕ ಸಂಘಗಳು ಮತ್ತು ಪ್ರಾಧಿಕಾರ. ನಾಲ್ಕೂ ಸಮಿತಿಗಳು ಒಪ್ಪಿದಾಗ ಮಾತ್ರ ಪಠ್ಯಕ್ರಮ ಅಂಗೀಕಾರಾರ್ಹ. ಬಹುಮತವಲ್ಲ, ಸರ್ವಾನುಮತವೇ ಇಲ್ಲಿನ ತತ್ತ್ವ. ಪಠ್ಯಕ್ರಮವನ್ನು ರೂಪಿಸುವ ಈ ಸಮಾವೇಶದ ಜೊತೆಗೆ ನಿರಂತರವಾಗಿ ಸಲಹೆ ನೀಡುವ ಒಂದು ಸ್ಥಾಯಿ ಮಂಡಳಿಯನ್ನು ರಚಿಸಲು ಪ್ರಾಧಿಕಾರಗಳಿಗೆ ಅವಕಾಶ ನೀಡಲಾಯಿತಾದರೂ ಅದನ್ನು ಕಡ್ಡಾಯಗೊಳಿಸಲಿಲ್ಲ.

ಬೋಧೆಯಿಂದ ಅಧ್ಯಯನಕ್ಕೆ

1944ರ ಸಮ್ಮತಿ ಕ್ರೈಸ್ತ ಪಂಥಗಳ ನಡುವಿನ ಸಮ್ಮತಿಯಾಗಿತ್ತು. ಮಹಾಯುದ್ಧಾನಂತರದ ವಲಸೆ ಈ ಚೌಕಟ್ಟನ್ನು ಅಲುಗಾಡಿಸಿತು. ಪಂಜಾಬ್, ಗುಜರಾತ್, ಪಾಕಿಸ್ತಾನ ಹಾಗೂ ಕೆರಿಬಿಯನ್ ದ್ವೀಪಗಳಿಂದ ಬಂದವರು, 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟ ಏಷ್ಯನ್ನರು ಬರ್ಮಿಂಗ್‌ಹ್ಯಾಮ್, ಲೆಸ್ಟರ್, ಬ್ರಾಡ್‌ಫರ್ಡ್ ಮುಂತಾದ ನಗರಗಳ ತರಗತಿಗಳ ಚಹರೆಯನ್ನೇ ಬದಲಿಸಿದರು. ಸಿಖ್, ಮುಸ್ಲಿಂ, ಹಿಂದೂ ಮಕ್ಕಳು ಕುಳಿತ ತರಗತಿಯಲ್ಲಿ ಬೈಬಲ್ ಕಥೆಗಳನ್ನು ವಿಶ್ವಾಸದ ಸತ್ಯಗಳೆಂದು ಬೋಧಿಸುವುದು ಹೇಗೆ ಎಂಬ ಇಕ್ಕಟ್ಟು ಅಧ್ಯಾಪಕರಿಗೆ ಎದುರಾಯಿತು.

ಇದೇ ಕಾಲದಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಧರ್ಮಾಧ್ಯಯನದ ವಿಧಾನವೂ ಬದಲಾಗುತ್ತಿತ್ತು. ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1967ರಲ್ಲಿ ಧರ್ಮಾಧ್ಯಯನ ವಿಭಾಗವನ್ನು ಆರಂಭಿಸಿದ ನಿನಿಯನ್ ಸ್ಮಾರ್ಟ್, ಧರ್ಮವನ್ನು ಸಿದ್ಧಾಂತಗಳ ಮೊತ್ತವೆಂದು ನೋಡದೆ ಆಚರಣೆ, ಪುರಾಣ, ಅನುಭವ, ನೀತಿ, ಸಾಮಾಜಿಕ ಸಂಸ್ಥೆ ಮುಂತಾದ ಹಲವು ಆಯಾಮಗಳ ಮೂಲಕ ಗ್ರಹಿಸಬೇಕೆಂದು ಪ್ರತಿಪಾದಿಸಿದರು. ಅಧ್ಯಯನಕಾರನು ತನ್ನ ತೀರ್ಪನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ನಂಬುವವರ ದೃಷ್ಟಿಯಿಂದ ಅವರ ಧರ್ಮವನ್ನು ಅರಿಯಲು ಯತ್ನಿಸಬೇಕೆಂಬುದು ಈ ವಿಧಾನದ ಸಾರ. 1971ರಲ್ಲಿ ಪ್ರಕಟವಾದ ಸ್ಕೂಲ್ಸ್ ಕೌನ್ಸಿಲ್‌ನ 36ನೆಯ ಕಾರ್ಯಪತ್ರವು ಈ ದೃಷ್ಟಿಯನ್ನು ಪ್ರೌಢಶಾಲೆಗಳಿಗೆ ತಂದಿತು. ಬಹುಜನಾಂಗೀಯ ಸಮಾಜದ ಶಿಕ್ಷಣವನ್ನು ಕುರಿತ 1985ರ ಸ್ವಾನ್ ವರದಿಯೂ ಇದನ್ನೇ ಸಮರ್ಥಿಸಿತು.

ಸ್ಥಳೀಯ ಮಟ್ಟದಲ್ಲಿ ಈ ಬದಲಾವಣೆಗೆ ಖಚಿತ ರೂಪ ಕೊಟ್ಟದ್ದು ಬರ್ಮಿಂಗ್‌ಹ್ಯಾಮ್ ನಗರದ 1975ರ ಪಠ್ಯಕ್ರಮ. ಅದರ ರಚನೆಯಲ್ಲಿ ಯಹೂದಿ, ಮುಸ್ಲಿಂ, ಹಿಂದೂ ಮತ್ತು ಸಿಖ್ ಸಮುದಾಯಗಳವರು ಪಾಲ್ಗೊಂಡಿದ್ದರು. 1944ರ ಕಾಯಿದೆಯ ‘ಇತರ ಪಂಥಗಳು’ ಎಂಬ ಪದವನ್ನು ಕ್ರೈಸ್ತೇತರ ಧರ್ಮಗಳಿಗೂ ಹಿಗ್ಗಿಸಿ ಓದಿದ್ದರಿಂದ ಇದು ಸಾಧ್ಯವಾಯಿತು. ಕಾನೂನಿನ ಒಂದು ಶಬ್ದ ಸ್ಥಳೀಯ ವಾಸ್ತವದ ಒತ್ತಡದಿಂದ ಹೊಸ ಅರ್ಥವನ್ನು ಪಡೆದುಕೊಂಡ ನಿದರ್ಶನವಿದು. ಆದರೆ ಮಾನವತಾವಾದ ಮತ್ತು ಕಮ್ಯೂನಿಸಂಗಳನ್ನೂ ಜೀವನದೃಷ್ಟಿಗಳೆಂದು ಪಠ್ಯಕ್ರಮದಲ್ಲಿ ಸೇರಿಸಲು ಮುಂದಾದಾಗ ತೀವ್ರ ವಿವಾದ ಹುಟ್ಟಿಕೊಂಡಿತು. ಕಾನೂನು ಸಲಹೆಯ ಕಾರಣದಿಂದ ಕರಡನ್ನು ಪರಿಷ್ಕರಿಸಬೇಕಾಯಿತು. ಕೊನೆಗೆ ಹೊರಬಂದದ್ದು ಕೆಲವೇ ಪುಟಗಳ ಒಂದು ಪಠ್ಯಕ್ರಮ ಮತ್ತು ಅದರ ಜೊತೆಗೆ ಅಧ್ಯಾಪಕರಿಗಾಗಿ ‘ಲಿವಿಂಗ್ ಟುಗೆದರ್’ ಎಂಬ ವಿಸ್ತಾರವಾದ ಕೈಪಿಡಿ. ‘ಕೂಡಿ ಬಾಳುವುದು’ ಎಂಬ ಅರ್ಥದ ಆ ಶೀರ್ಷಿಕೆಯೇ ಧಾರ್ಮಿಕ ಶಿಕ್ಷಣದ ಗುರಿ ಸ್ಥಳಾಂತರಗೊಂಡುದನ್ನು ಸೂಚಿಸುತ್ತದೆ. ಮಗುವನ್ನು ವಿಶ್ವಾಸಿಯನ್ನಾಗಿ ಮಾಡುವುದರ ಬದಲು ನೆರೆಯವನನ್ನಾಗಿ ಮಾಡುವುದು ಈಗ ಗುರಿಯಾಯಿತು.

1988ರ ಕಾಯಿದೆ ಮತ್ತು ಮಂಡಳಿಯ ರಚನೆ

ರಾಷ್ಟ್ರೀಯ ಪಠ್ಯಕ್ರಮವನ್ನು ಜಾರಿಗೆ ತಂದ 1988ರ ಶಿಕ್ಷಣ ಸುಧಾರಣಾ ಕಾಯಿದೆಯ ಸಂದರ್ಭದಲ್ಲಿ ಈ ಎಲ್ಲ ಪ್ರಶ್ನೆಗಳೂ ಮತ್ತೆ ಮುನ್ನೆಲೆಗೆ ಬಂದವು. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬ್ಯಾರನೆಸ್ ಕಾಕ್ಸ್ ಮತ್ತಿತರರು ಕ್ರೈಸ್ತಧರ್ಮಕ್ಕೆ ಪ್ರಾಧಾನ್ಯ ದೊರೆಯಬೇಕೆಂದು ಒತ್ತಾಯಿಸಿದರು. ಲಂಡನ್ನಿನ ಬಿಷಪ್ ಗ್ರಹಾಂ ಲೆನರ್ಡ್ ರಾಜಿಸೂತ್ರವನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು. ಫಲಿತವಾಗಿ, ಗ್ರೇಟ್ ಬ್ರಿಟನ್ನಿನ ಧಾರ್ಮಿಕ ಪರಂಪರೆಗಳು ಪ್ರಧಾನವಾಗಿ ಕ್ರೈಸ್ತವೆಂಬುದನ್ನು ಪ್ರತಿಫಲಿಸುವುದರ ಜೊತೆಗೆ ಅಲ್ಲಿನ ಇತರ ಪ್ರಮುಖ ಧರ್ಮಗಳ ಬೋಧನೆ ಮತ್ತು ಆಚರಣೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಪ್ರತಿಯೊಂದು ಹೊಸ ಪಠ್ಯಕ್ರಮಕ್ಕೂ ವಿಧಿಸಲಾಯಿತು. ಒಂದೇ ವಾಕ್ಯದಲ್ಲಿ ಎರಡು ಕಡೆಗೂ ವಾಲುವ ಈ ನಿಯಮ ಮುಂದಿನ ಹಲವು ವ್ಯಾಖ್ಯಾನಗಳಿಗೆ ಎಡೆಮಾಡಿಕೊಟ್ಟಿತು. 1944ರ ಕಾಯಿದೆಯ ‘ಧಾರ್ಮಿಕ ಬೋಧೆ’ ಎಂಬ ಪಾರಿಭಾಷಿಕ ಪದದ ಜಾಗದಲ್ಲಿ 1988ರ ಕಾಯಿದೆ ‘ಧಾರ್ಮಿಕ ಶಿಕ್ಷಣ’ ಎಂಬ ಪದವನ್ನು ಬಳಸಿತು. ಈ ಪದಾಂತರ ಅಲ್ಪವೆಂದು ತೋರಿದರೂ ಕಾಲು ಶತಮಾನದ ವೈಚಾರಿಕ ಪಲ್ಲಟ ಅದರಲ್ಲಿ ಅಡಕವಾಗಿದೆ.

ಆ ಚರ್ಚೆಗಳ ಭಾಷೆಯನ್ನೇ ಅಧ್ಯಯನಕ್ಕೆ ಎತ್ತಿಕೊಂಡವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಜಾನ್ ಹಲ್. 1991ರ ‘ಮಿಶ್‌ಮ್ಯಾಶ್’ ಎಂಬ ಕೃತಿಯಲ್ಲಿ ಅವರು ಹಲವು ಧರ್ಮಗಳನ್ನು ಒಟ್ಟಿಗೆ ಕಲಿಸುವುದನ್ನು ವಿರೋಧಿಸುವವರು ಬಳಸಿದ ರೂಪಕಗಳನ್ನು ವಿಶ್ಲೇಷಿಸಿದರು. ಧರ್ಮಗಳ ಸಹಬೋಧನೆಯನ್ನು ಕಲಸುಮೇಲೋಗರವಾದ ಆಹಾರಕ್ಕೆ ಹೋಲಿಸುವ ಈ ರೂಪಕಗಳ ಹಿಂದೆ ಶುದ್ಧಿ ಮತ್ತು ಕಲಬೆರಕೆಯ ಭಯ ಕೆಲಸ ಮಾಡುತ್ತದೆ ಎಂಬುದು ಅವರ ನಿಲುವು. ಮಡಿ-ಮೈಲಿಗೆಗಳ ಪರಿಭಾಷೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ವಿಶ್ಲೇಷಣೆಯ ತಿರುಳು ಸುಲಭವಾಗಿ ಗ್ರಾಹ್ಯವಾಗುತ್ತದೆ.

1944ರಲ್ಲಿ ಐಚ್ಛಿಕವಾಗಿದ್ದ ಸಲಹಾ ಮಂಡಳಿಯನ್ನು 1988ರ ಕಾಯಿದೆ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರಕ್ಕೂ ಕಡ್ಡಾಯಗೊಳಿಸಿತು. ‘ಧಾರ್ಮಿಕ ಶಿಕ್ಷಣದ ಸ್ಥಾಯಿ ಸಲಹಾ ಮಂಡಳಿ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು ‘ಸ್ಯಾಕ್ರೆ’ ಎಂದು ಪರಿಚಿತವಾಗಿದೆ. ಇದರ ರಚನೆಯನ್ನು 1996ರ ಶಿಕ್ಷಣ ಕಾಯಿದೆ ಕ್ರೋಡೀಕರಿಸಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ನಾಲ್ಕು ಗುಂಪುಗಳಿವೆ. ‘ಎ’ ಗುಂಪಿನಲ್ಲಿ ಚರ್ಚ್ ಆಫ್ ಇಂಗ್ಲೆಂಡನ್ನು ಬಿಟ್ಟು ಉಳಿದ ಕ್ರೈಸ್ತ ಪಂಥಗಳು ಹಾಗೂ ಆ ಪ್ರದೇಶದ ಪ್ರಮುಖ ಧಾರ್ಮಿಕ ಪರಂಪರೆಗಳನ್ನು ಪ್ರತಿಫಲಿಸುವ ಇತರ ಧರ್ಮಗಳು. ‘ಬಿ’ ಗುಂಪಿನಲ್ಲಿ ಚರ್ಚ್ ಆಫ್ ಇಂಗ್ಲೆಂಡ್. ‘ಸಿ’ ಗುಂಪಿನಲ್ಲಿ ಅಧ್ಯಾಪಕ ಸಂಘಗಳು. ‘ಡಿ’ ಗುಂಪಿನಲ್ಲಿ ಸ್ಥಳೀಯ ಪ್ರಾಧಿಕಾರ. ವೇಲ್ಸ್‌ನಲ್ಲಿ ಚರ್ಚ್ 1920ರಲ್ಲಿಯೇ ರಾಜಮಾನ್ಯತೆಯನ್ನು ಕಳೆದುಕೊಂಡಿದ್ದರಿಂದ ಅಲ್ಲಿ ಪ್ರತ್ಯೇಕ ‘ಬಿ’ ಗುಂಪಿಲ್ಲ.

ಈ ಮಂಡಳಿಯಲ್ಲಿ ಮತವಿರುವುದು ವ್ಯಕ್ತಿಗಳಿಗಲ್ಲ, ಗುಂಪುಗಳಿಗೆ. ಒಂದು ಗುಂಪಿನಲ್ಲಿ ಹದಿನೈದು ಮಂದಿಯಿರಲಿ, ಮೂವರೇ ಇರಲಿ, ಆ ಗುಂಪಿಗೆ ಒಂದೇ ಮತ. ಆದ್ದರಿಂದ ಸಂಖ್ಯಾಬಲದಿಂದ ಯಾರೂ ಯಾರನ್ನೂ ಮಣಿಸಲಾಗದು. ಪಠ್ಯಕ್ರಮವನ್ನು ರೂಪಿಸುವ ಸಮಾವೇಶ ಕಾನೂನಿನ ದೃಷ್ಟಿಯಿಂದ ಬೇರೆಯೇ ಸಂಸ್ಥೆಯಾದರೂ ಅದರ ರಚನೆ ಇದೇ ಬಗೆಯದು. ಅಲ್ಲಿ ನಾಲ್ಕು ಗುಂಪುಗಳ ಸರ್ವಾನುಮತ ಅಗತ್ಯ. ಒಂದು ಗುಂಪು ನಿರಾಕರಿಸಿದರೂ ಪಠ್ಯಕ್ರಮ ಬಿದ್ದುಹೋಗುತ್ತದೆ. ಸ್ಥಳೀಯವಾಗಿ ಒಮ್ಮತ ಸಾಧ್ಯವಾಗದಿದ್ದಾಗ ಶಿಕ್ಷಣ ಸಚಿವರು ಪಠ್ಯಕ್ರಮ ರಚನೆಗೆ ಬೇರೊಂದು ಸಮಿತಿಯನ್ನು ನೇಮಿಸಬಹುದು. ಪಠ್ಯಕ್ರಮವನ್ನು ಐದು ವರ್ಷಗಳಿಗೊಮ್ಮೆ ಮರುಪರಿಶೀಲಿಸುವುದು ಕಡ್ಡಾಯ. ಅಲ್ಲದೆ ಪ್ರಾಧಿಕಾರವನ್ನು ಬಿಟ್ಟು ಉಳಿದ ಗುಂಪುಗಳು ಬಹುಮತದಿಂದ ಕೇಳಿದರೆ ಪ್ರಾಧಿಕಾರ ಮರುಪರಿಶೀಲನೆಗೆ ಮುಂದಾಗಲೇಬೇಕು. 1994ರ ನಿಯಮಾವಳಿಯ ಪ್ರಕಾರ ಇವುಗಳ ಸಭೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಕ್ತವಾಗಿರುತ್ತವೆ.

ಮಂಡಳಿಯ ಕೆಲಸ ಪ್ರಧಾನವಾಗಿ ಸಲಹೆ ನೀಡುವುದು ಮತ್ತು ವಾರ್ಷಿಕ ವರದಿ ಪ್ರಕಟಿಸುವುದು. ನಿರ್ಧಾರದ ಅಧಿಕಾರವಿರುವ ಒಂದು ಕ್ಷೇತ್ರ ಸಾಮೂಹಿಕ ಪ್ರಾರ್ಥನೆಗೆ ಸಂಬಂಧಿಸಿದುದು. 1988ರ ಕಾಯಿದೆಯಂತೆ ಶಾಲೆಯ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗಿ ಅಥವಾ ಪ್ರಧಾನವಾಗಿ ಸ್ಥೂಲ ಕ್ರೈಸ್ತ ಸ್ವರೂಪದ್ದಾಗಿರಬೇಕು. ಮಕ್ಕಳ ಕೌಟುಂಬಿಕ ಹಿನ್ನೆಲೆಯನ್ನು ಪರಿಗಣಿಸಿ ಒಂದು ಶಾಲೆಗೆ ಅಥವಾ ಅದರ ಒಂದು ವಿದ್ಯಾರ್ಥಿವರ್ಗಕ್ಕೆ ಈ ಷರತ್ತು ಸೂಕ್ತವಲ್ಲವೆಂದು ಮುಖ್ಯೋಪಾಧ್ಯಾಯರು ಮನವಿ ಸಲ್ಲಿಸಿದರೆ ಮಂಡಳಿ ಅದನ್ನು ಸಡಿಲಿಸಬಹುದು. ಸ್ಥಳೀಯ ಮೇಲ್ವಿಚಾರಣೆಯ ಅರ್ಥ ಇಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ: ದೇಶಕ್ಕೊಂದು ನಿಯಮ, ಆದರೆ ಎದುರಿಗಿರುವ ಮಕ್ಕಳನ್ನು ನೋಡಿ ಅದನ್ನು ಬದಲಿಸುವ ಅವಕಾಶ.

ಸಮ್ಮತಿಯ ಮೇಜಿನ ಸುತ್ತ ಯಾರು?

ಈ ವ್ಯವಸ್ಥೆಯ ಶಕ್ತಿ ಮತ್ತು ಮಿತಿ ಎರಡೂ ಒಂದೇ ಬಿಂದುವಿನಲ್ಲಿವೆ. ಮೇಜಿನ ಸುತ್ತ ಕುಳಿತವರು ಒಪ್ಪಿದ್ದೇ ಪಠ್ಯವಾಗುವುದರಿಂದ, ಯಾರಿಗೆ ಕುರ್ಚಿ ದೊರೆಯುತ್ತದೆ ಎಂಬುದು ನಿರ್ಣಾಯಕವಾಗುತ್ತದೆ.

ಬರ್ಮಿಂಗ್‌ಹ್ಯಾಮ್ ನಗರದ್ದೇ ಎರಡು ಪಠ್ಯಕ್ರಮಗಳನ್ನು ಹೋಲಿಸಬಹುದು. 1975ರ ಪಠ್ಯಕ್ರಮ ಧರ್ಮಗಳನ್ನು ವಸ್ತುನಿಷ್ಠವಾಗಿ ಅರಿಯುವುದಕ್ಕೆ ಒತ್ತು ನೀಡಿತು. 2007ರ ಪಠ್ಯಕ್ರಮ ಕೃತಜ್ಞತೆ, ಹಂಚಿಕೊಳ್ಳುವ ಔದಾರ್ಯ, ಅನ್ಯರ ಹಾಗೂ ಪ್ರಾಣಿಗಳ ಬಗೆಗಿನ ಕಾಳಜಿ ಮುಂತಾದ 24 ಮನೋಧರ್ಮಗಳನ್ನು ಪಟ್ಟಿ ಮಾಡಿ, ಅವುಗಳನ್ನು ಬೆಳೆಸುವುದಕ್ಕೆ ಧಾರ್ಮಿಕ ಪರಂಪರೆಗಳ ಭಂಡಾರದಿಂದ ಸಾಮಗ್ರಿಯನ್ನು ಆಯ್ದುಕೊಳ್ಳುವ ಕ್ರಮವನ್ನು ಅನುಸರಿಸಿತು. ಒಂದು ಪಠ್ಯಕ್ರಮ ಧರ್ಮಗಳನ್ನು ಅರಿಯಲು ಹೇಳಿದರೆ ಇನ್ನೊಂದು ಧರ್ಮಗಳಿಂದ ಕಲಿಯಲು ಹೇಳುತ್ತದೆ. ಭಿನ್ನ ಧರ್ಮಗಳವರು ತಮ್ಮ ಸಿದ್ಧಾಂತಗಳಲ್ಲಿ ಒಪ್ಪಲಾಗದಿದ್ದರೂ ತಮ್ಮ ಮಕ್ಕಳು ಎಂತಹವರಾಗಬೇಕೆಂಬುದರಲ್ಲಿ ಒಪ್ಪಬಲ್ಲರು ಎಂಬ ಕಾಣ್ಕೆ ಎರಡನೆಯದರ ಹಿಂದಿದೆ. ಆದರೆ ಅದರ ಅಪಾಯವೂ ಸ್ಪಷ್ಟ. ಎಲ್ಲರೂ ಒಪ್ಪುವ ಸದ್ಗುಣಗಳ ಪಟ್ಟಿಯಲ್ಲಿ ಧರ್ಮಗಳ ಒಳಜಗಳಗಳು, ಅವುಗಳೊಳಗಿನ ಅಸಮಾನತೆಗಳು ಮರೆಯಾಗುವ ಸಾಧ್ಯತೆಯಿದೆ. ಎಲ್ಲರೂ ಒಪ್ಪಿದ ಚಿತ್ರ ಸತ್ಯವಾದ ಚಿತ್ರವೇ ಆಗಿರಬೇಕೆಂದಿಲ್ಲ.

ಸಣ್ಣ ಸಮುದಾಯಗಳ ಸ್ಥಾನವೂ ಇಲ್ಲಿ ಗಮನಿಸತಕ್ಕದ್ದು. 1994ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ಸಿದ್ಧವಾದ ಮಾದರಿ ಪಠ್ಯಕ್ರಮಗಳು ಕ್ರೈಸ್ತ, ಬೌದ್ಧ, ಹಿಂದೂ, ಇಸ್ಲಾಂ, ಯಹೂದಿ ಮತ್ತು ಸಿಖ್ ಎಂಬ ಆರು ಧರ್ಮಗಳನ್ನು ಒಳಗೊಂಡವು. ಜೈನಧರ್ಮ ಆ ಪಟ್ಟಿಯಲ್ಲಿರಲಿಲ್ಲ. 2004ರ ಐಚ್ಛಿಕ ರಾಷ್ಟ್ರೀಯ ಚೌಕಟ್ಟು ಬಹಾಯಿ, ಜೈನ, ಜರತುಷ್ಟ್ರ ಪರಂಪರೆಗಳ ಅಧ್ಯಯನಕ್ಕೂ ಅವಕಾಶವಿರಲೆಂದು ಸೂಚಿಸಿತು. ರಾಷ್ಟ್ರೀಯ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಸರಿಯುವ ಸಮುದಾಯವೊಂದು, 1988ರಲ್ಲಿ ಜೈನ ಬಸದಿ ಪ್ರತಿಷ್ಠಾಪನೆಗೊಂಡ ಲೆಸ್ಟರ್‌ನಂತಹ ನಗರದಲ್ಲಿ ನೆರೆಹೊರೆಯ ಪ್ರತ್ಯಕ್ಷ ಸಂಗತಿಯಾಗಿರುತ್ತದೆ. ಸ್ಥಳೀಯತೆಯ ಪರವಾದ ಅತ್ಯಂತ ಬಲವಾದ ವಾದ ಇದು.

ಧರ್ಮವನ್ನು ಒಪ್ಪದವರ ಪ್ರಶ್ನೆ ಇನ್ನೂ ಜಟಿಲವಾದುದು. 1975ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎದ್ದ ಈ ವಿವಾದ ನ್ಯಾಯಾಲಯದಲ್ಲಿ ಇತ್ಯರ್ಥಗೊಳ್ಳಲು ಹಲವು ದಶಕಗಳೇ ಬೇಕಾದವು. 2015ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಪ್ರೌಢಶಾಲಾ ಪರೀಕ್ಷೆಯ ಧಾರ್ಮಿಕ ಅಧ್ಯಯನ ವಿಷಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ಧರ್ಮದ ಬಗೆಗಿನ ಜ್ಞಾನವನ್ನು ವಸ್ತುನಿಷ್ಠವಾಗಿ, ವಿಮರ್ಶಾತ್ಮಕವಾಗಿ ಹಾಗೂ ಬಹುತ್ವವನ್ನು ಗೌರವಿಸಿ ನೀಡಬೇಕಾದದ್ದು ಪ್ರಭುತ್ವದ ಹೊಣೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. 2023ರ ಮೇ ತಿಂಗಳಿನಲ್ಲಿ ಕೆಂಟ್ ಕೌಂಟಿಯ ಪ್ರಕರಣದಲ್ಲಿ, ಮಾನವತಾವಾದವು ಧರ್ಮವಲ್ಲವೆಂಬ ಒಂದೇ ಕಾರಣಕ್ಕೆ ಅದರ ಪ್ರತಿನಿಧಿಗೆ ‘ಎ’ ಗುಂಪಿನ ಸದಸ್ಯತ್ವವನ್ನು ನಿರಾಕರಿಸಿದ್ದು ಕಾನೂನುಬಾಹಿರವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ವೇಲ್ಸ್ ಇದಕ್ಕಿಂತ ಮುಂದೆ ಹೋಗಿ 2021ರ ಕಾಯಿದೆಯ ಮೂಲಕ ವಿಷಯದ ಹೆಸರನ್ನೇ ‘ಧರ್ಮ, ಮೌಲ್ಯಗಳು ಮತ್ತು ನೀತಿ’ ಎಂದು ಬದಲಿಸಿತು. ಧರ್ಮೇತರ ತಾತ್ತ್ವಿಕ ನಿಲುವುಗಳಿಗೂ ಸ್ಥಾನ ನೀಡಿತು. ಪಾಲಕರ ಹಿಂತೆಗೆತದ ಹಕ್ಕನ್ನು ಹೊಸ ಪಠ್ಯಕ್ರಮದಲ್ಲಿ ಉಳಿಸಲಿಲ್ಲ. ಪಠ್ಯ ಎಲ್ಲರದ್ದಾದ ಮೇಲೆ ಅದರಿಂದ ಹೊರಗುಳಿಯುವ ಅಗತ್ಯವಿಲ್ಲ ಎಂಬುದು ಇದರ ತರ್ಕ. 1870ರಿಂದ ಆತ್ಮಸಾಕ್ಷಿಯ ಕಾವಲಿಗೆ ನಿಂತಿದ್ದ ಬಾಗಿಲೊಂದು ಹೀಗೆ ಅಲ್ಲಿ ಮುಚ್ಚಿಕೊಂಡಿತು.

ಮೇಲ್ವಿಚಾರಣೆಯ ಕ್ಷೀಣತೆ

ಸಮ್ಮತ ಪಠ್ಯಕ್ರಮವನ್ನು ಯಾರೂ ರದ್ದುಗೊಳಿಸಲಿಲ್ಲ. ಅದು ಅನ್ವಯವಾಗುವ ಶಾಲೆಗಳೇ ಅದರ ವ್ಯಾಪ್ತಿಯಿಂದ ಹೊರಟುಹೋದವು. 2010ರ ಅಕಾಡೆಮಿ ಕಾಯಿದೆಯ ನಂತರ ಬಹುಸಂಖ್ಯೆಯ ಶಾಲೆಗಳು ಸ್ಥಳೀಯ ಪ್ರಾಧಿಕಾರಗಳಿಂದ ಬೇರ್ಪಟ್ಟು ಕೇಂದ್ರ ಸರ್ಕಾರದೊಂದಿಗೆ ನೇರ ಅನುದಾನ ಒಪ್ಪಂದ ಮಾಡಿಕೊಂಡವು; ಪ್ರೌಢಶಾಲೆಗಳಲ್ಲಿ ಬಹುಪಾಲು ಈಗ ಇಂತಹವೇ ಆಗಿವೆ. ಈ ಶಾಲೆಗಳು ಧಾರ್ಮಿಕ ಶಿಕ್ಷಣವನ್ನು ನೀಡಲೇಬೇಕು. ಆದರೆ ಸ್ಥಳೀಯ ಸಮ್ಮತ ಪಠ್ಯಕ್ರಮವನ್ನು ಅನುಸರಿಸಬೇಕೆಂದಿಲ್ಲ. ಹೀಗಾಗಿ ಮಂಡಳಿ ಸಭೆ ಸೇರುತ್ತದೆ, ಚರ್ಚಿಸುತ್ತದೆ, ವರದಿ ಬರೆಯುತ್ತದೆ. ಆದರೆ ಅದರ ಮಾತನ್ನು ಕೇಳಬೇಕಾದ ಶಾಲೆಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಶಾಲೆಯೊಂದು ಈ ವಿಷಯವನ್ನು ವೇಳಾಪಟ್ಟಿಯಿಂದ ಕೈಬಿಟ್ಟರೂ ಅದಕ್ಕೆ ನೇರವಾಗಿ ಆಜ್ಞೆ ಮಾಡುವ ಅಧಿಕಾರ ಮಂಡಳಿಗಿಲ್ಲ. ಅದರ ಖರ್ಚುವೆಚ್ಚಗಳಿಗೂ ಪ್ರಾಧಿಕಾರದ ಔದಾರ್ಯವನ್ನೇ ಅವಲಂಬಿಸಬೇಕು.

ವೆಸ್ಟ್‌ಮಿನ್‌ಸ್ಟರ್‌ನ ಡೀನ್ ಜಾನ್ ಹಾಲ್ ಅವರ ಅಧ್ಯಕ್ಷತೆಯ ಧಾರ್ಮಿಕ ಶಿಕ್ಷಣ ಆಯೋಗ 2018ರಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ ಈ ಅಸಮತೆಯನ್ನು ಎತ್ತಿ ತೋರಿತು. ವಿಷಯದ ಹೆಸರು ‘ಧರ್ಮ ಮತ್ತು ಜೀವನದೃಷ್ಟಿಗಳು’ ಎಂದಾಗಬೇಕು, ಎಲ್ಲ ಶಾಲೆಗಳ ಮಕ್ಕಳಿಗೂ ಸಲ್ಲುವ ಒಂದು ರಾಷ್ಟ್ರೀಯ ಹಕ್ಕು ರೂಪುಗೊಳ್ಳಬೇಕು, ಸಲಹಾ ಮಂಡಳಿಗಳ ಜಾಗದಲ್ಲಿ ಸ್ಥಳೀಯ ಸಲಹಾ ಜಾಲಗಳು ಬರಬೇಕು ಎಂದು ಅದು ಶಿಫಾರಸು ಮಾಡಿತು. ಬೆಕಿ ಫ್ರಾನ್ಸಿಸ್ ಅವರ ನೇತೃತ್ವದ ಪಠ್ಯಕ್ರಮ ಮತ್ತು ಮೌಲ್ಯಮಾಪನ ಪರಾಮರ್ಶೆ 2025ರ ನವೆಂಬರ್‌ನಲ್ಲಿ ನೀಡಿದ ವರದಿಯಲ್ಲಿ, ಸಂಬಂಧಪಟ್ಟ ವಲಯಗಳಲ್ಲಿ ಒಮ್ಮತವನ್ನು ಸಾಧಿಸಿಕೊಂಡು ಧಾರ್ಮಿಕ ಶಿಕ್ಷಣವನ್ನು ಹಂತಹಂತವಾಗಿ ರಾಷ್ಟ್ರೀಯ ಪಠ್ಯಕ್ರಮದೊಳಕ್ಕೆ ತರುವ ದಾರಿಯನ್ನು ಸೂಚಿಸಿತು.

ಈ ಸಲಹೆಗಳ ಹಿಂದಿನ ನ್ಯಾಯವನ್ನು ಅಲ್ಲಗಳೆಯಲಾಗದು. ಪಠ್ಯಕ್ರಮದ ಗುಣಮಟ್ಟ ಮಗು ಹುಟ್ಟಿದ ಊರನ್ನು ಅವಲಂಬಿಸಬಾರದು. ಉತ್ಸಾಹವೂ ಸಂಪನ್ಮೂಲವೂ ಇರುವ ಮಂಡಳಿಯ ಪ್ರದೇಶದಲ್ಲಿ ಒಳ್ಳೆಯ ಪಾಠ, ನಿಷ್ಕ್ರಿಯ ಮಂಡಳಿಯ ಪ್ರದೇಶದಲ್ಲಿ ಏನೂ ಇಲ್ಲ ಎಂಬ ಸ್ಥಿತಿ ಸಮರ್ಥನೀಯವಲ್ಲ. ಆದರೆ ಸ್ಥಳೀಯ ಸಮ್ಮತಿಯ ಪದ್ಧತಿಯಲ್ಲಿದ್ದ ಒಂದು ಗುಣವನ್ನು ಕೇಂದ್ರೀಯ ತಜ್ಞರ ಸಮಿತಿ ಒದಗಿಸುವುದು ಕಷ್ಟ. ಇಸ್ಲಾಂ ಬಗೆಗಿನ ಪಾಠವನ್ನು ಅದೇ ಊರಿನ ಮುಸ್ಲಿಮರ ಎದುರಿನಲ್ಲಿ, ಯಹೂದಿಗಳ ಬಗೆಗಿನ ಪಾಠವನ್ನು ಯಹೂದಿಗಳ ಎದುರಿನಲ್ಲಿ, ಅವರ ನಿರಾಕರಣೆಯ ಹಕ್ಕನ್ನು ಮಾನ್ಯ ಮಾಡಿ ಬರೆಯಬೇಕಾದಾಗ ವಾಕ್ಯಗಳೇ ಬದಲಾಗುತ್ತವೆ. ‘ಅವರು’ ಎಂದು ಬರೆಯುವ ಕೈ ಒಂದು ಕ್ಷಣ ತಡೆದು ನಿಲ್ಲುತ್ತದೆ.

ಕನ್ನಡ ತರಗತಿಯ ನೆಲೆಯಿಂದ

ಭಾರತದ ಸಂವಿಧಾನ ರಚನಾಸಭೆಯ 1948ರ ಡಿಸೆಂಬರ್ ತಿಂಗಳ ಚರ್ಚೆಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಧರ್ಮಬೋಧೆ ಮತ್ತು ಧರ್ಮಾಧ್ಯಯನಗಳು ಬೇರೆ ಬೇರೆಯೆಂದು ಖಚಿತವಾಗಿ ಪ್ರತಿಪಾದಿಸಿದರು. ಸಂವಿಧಾನ ನಿಷೇಧಿಸುವುದು ವಿಶ್ವಾಸದ ಸೂತ್ರಗಳ ಬೋಧೆಯನ್ನೇ ಹೊರತು ಅಧ್ಯಯನವನ್ನಲ್ಲ ಎಂಬುದು ಅವರ ನಿಲುವು. ಇಂಗ್ಲೆಂಡ್ ಎಪ್ಪತ್ತರ ದಶಕದಲ್ಲಿ ತಲುಪಿದ ಈ ವಿವೇಕವನ್ನು ಅಂಬೇಡ್ಕರ್ ಎರಡು ದಶಕಗಳಿಗೂ ಮೊದಲೇ ಮಂಡಿಸಿದ್ದರು. ಸಂಪೂರ್ಣ ಸರ್ಕಾರಿ ಸಂಸ್ಥೆಗಳಲ್ಲದ, ಆದರೆ ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಗಳಿಗೆ ಅನ್ವಯಿಸುವ 28(3)ನೆಯ ವಿಧಿ, ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧೆಗೆ ಒಳಪಡಿಸಬಾರದೆನ್ನುತ್ತದೆ. ಇದು ಆತ್ಮಸಾಕ್ಷಿಯ ನಿಯಮದ ಭಾರತೀಯ ರೂಪವೆನ್ನಬಹುದು. 2002ರಲ್ಲಿ ಸುಪ್ರೀಂ ಕೋರ್ಟ್ ಅರುಣಾ ರಾಯ್ ಪ್ರಕರಣದಲ್ಲಿ ಧರ್ಮಗಳ ಬಗೆಗಿನ ಅಧ್ಯಯನ 28ನೆಯ ಅನುಚ್ಛೇದಕ್ಕೆ ವಿರುದ್ಧವಲ್ಲವೆಂದು ಹೇಳಿತು.

ಹಾಗಾದರೆ ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಧರ್ಮದ ಬಗೆಗಿನ ಅಧ್ಯಯನ ಎಲ್ಲಿ ನಡೆಯುತ್ತದೆ? ಪ್ರತ್ಯೇಕ ವಿಷಯವಿಲ್ಲದಿರುವುದರಿಂದ ಅದು ಬಹುಮಟ್ಟಿಗೆ ಚರಿತ್ರೆಯ ಮತ್ತು ಕನ್ನಡದ ತರಗತಿಗಳಲ್ಲಿ ನಡೆಯುತ್ತದೆ. ಪಂಪನ ‘ಆದಿಪುರಾಣ’ವನ್ನು ಭವಾವಳಿಯ ಪರಿಕಲ್ಪನೆಯಿಲ್ಲದೆ, ವಚನಗಳನ್ನು ಇಷ್ಟಲಿಂಗ-ಜಂಗಮಗಳ ಅರಿವಿಲ್ಲದೆ, ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಭಕ್ತಿ ಮತ್ತು ಕುಲದ ಪ್ರಶ್ನೆಗಳಿಲ್ಲದೆ ಪಾಠ ಮಾಡಲಾಗದು. ಬೋಧೆ ಮತ್ತು ಅಧ್ಯಯನಗಳ ನಡುವಿನ ಗೆರೆಯನ್ನು ಕನ್ನಡ ಅಧ್ಯಾಪಕರು ಪ್ರತಿದಿನವೂ ದಾಟದಂತೆ ನಡೆಯಬೇಕಾಗುತ್ತದೆ. ಅದಕ್ಕೆ ಅವರಿಗೆ ನಾಲ್ಕು ಗುಂಪುಗಳ ಸಮಾವೇಶದ ನೆರವಿಲ್ಲ.

ಪಠ್ಯರಚನೆಯ ಮಟ್ಟದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 2022ರಲ್ಲಿ ಕರ್ನಾಟಕದ ಶಾಲಾ ಪಠ್ಯಪುಸ್ತಕಗಳ ಪರಿಷ್ಕರಣೆ ವಿವಾದಕ್ಕೊಳಗಾದಾಗ, ಒಂಬತ್ತನೆಯ ತರಗತಿಯ ಸಮಾಜವಿಜ್ಞಾನ ಪಠ್ಯದಲ್ಲಿ ಬಸವಣ್ಣನವರನ್ನು ಕುರಿತ ಪಾಠಕ್ಕೆ ಮಠಾಧೀಶರಿಂದಲೂ ಆಕ್ಷೇಪಣೆ ಬಂತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಪಠ್ಯಗಳು ಮತ್ತೆ ಬದಲಾದವು. ಎರಡು ಸಂದರ್ಭಗಳ ಸರಿತಪ್ಪುಗಳನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ಸ್ಪಷ್ಟ: ರಾಜ್ಯಮಟ್ಟದ ಸಮಿತಿ ಬರೆಯುತ್ತದೆ, ಸಮುದಾಯಗಳು ಅಚ್ಚಾದ ಮೇಲೆ ಓದುತ್ತವೆ. ಭಿನ್ನಾಭಿಪ್ರಾಯಕ್ಕೆ ಕರಡಿನ ಹಂತದಲ್ಲಿ ಕುರ್ಚಿಯಿಲ್ಲದಿರುವುದರಿಂದ ಅದು ಪ್ರಕಟಣೆಯ ನಂತರ ಬೀದಿಯಲ್ಲಿ ಪ್ರಕಟವಾಗುತ್ತದೆ.

ಇಂಗ್ಲೆಂಡಿನ ಮಾದರಿಯನ್ನು ಇಲ್ಲಿಗೆ ಯಥಾವತ್ತಾಗಿ ತರಬಹುದೆಂದು ಇದರ ಅರ್ಥವಲ್ಲ. ರಾಜಮಾನ್ಯ ಚರ್ಚಿಗೆ ಪ್ರತ್ಯೇಕ ಗುಂಪನ್ನೇ ನೀಡಿರುವ ವ್ಯವಸ್ಥೆ ಯಾವ ಧರ್ಮಕ್ಕೂ ರಾಜಮಾನ್ಯತೆಯಿಲ್ಲದ ದೇಶಕ್ಕೆ ಹೊಂದುವುದಿಲ್ಲ. ‘ಸಮುದಾಯದ ಪ್ರತಿನಿಧಿ’ ಎಂಬ ಪರಿಕಲ್ಪನೆಯೂ ತೊಡಕಿನದು. ಮಠಕ್ಕೆ ಕುರ್ಚಿ ದೊರೆತರೆ, ಅದೇ ಪರಂಪರೆಯೊಳಗಿನ ಮಹಿಳೆಯರ, ದಲಿತರ ದನಿ ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ವಚನಗಳು ಸ್ವತಃ ಎತ್ತಿದ ಪ್ರಶ್ನೆಯೂ ಇದೇ.

ಉಪಸಂಹಾರ

ಇಂಗ್ಲೆಂಡಿನ ಅನುಭವದಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಧಾರ್ಮಿಕ ಶಿಕ್ಷಣದ ಸ್ಥಳೀಯ ಮೇಲ್ವಿಚಾರಣೆ ಹುಟ್ಟಿದ್ದು ಅಪನಂಬಿಕೆಯಿಂದ. ಆದರೆ ಅಪನಂಬಿಕೆಗೆ ಒಂದು ಮೇಜು ಮತ್ತು ಸಮಾನ ಮತವನ್ನು ಒದಗಿಸಿದ್ದರಿಂದ ಅದು ಶಿಕ್ಷಣಕ್ಕೆ ಉಪಯುಕ್ತವಾಯಿತು. ಅದರ ಸರ್ವಾನುಮತದ ನಿಯಮ ಚಿಕ್ಕವರನ್ನು ರಕ್ಷಿಸಿತು, ಜೊತೆಗೆ ಅಪ್ರಿಯ ಸತ್ಯಗಳನ್ನು ಮೃದುಗೊಳಿಸಿತು. ಶಾಲೆಗಳು ಅದರ ವ್ಯಾಪ್ತಿಯಿಂದ ಹೊರಟುಹೋದಾಗ ಅದು ನೈತಿಕ ಅಧಿಕಾರವಾಗಿ ಮಾತ್ರ ಉಳಿಯಿತು. ಮಗುವಿಗೆ ದೊರೆಯಬೇಕಾದ ಜ್ಞಾನದ ಕನಿಷ್ಠ ಮಟ್ಟವನ್ನು ನಿಗದಿಪಡಿಸುವುದು ರಾಷ್ಟ್ರದ ಅಥವಾ ರಾಜ್ಯದ ಹೊಣೆಯಾಗಿ, ಆ ಜ್ಞಾನ ಯಾರನ್ನು ಕುರಿತದ್ದೋ ಅವರ ಎದುರಿನಲ್ಲಿ ಅದನ್ನು ಪರೀಕ್ಷೆಗೊಡ್ಡುವುದು ಸ್ಥಳೀಯ ಹೊಣೆಯಾಗಿ ವಿಭಾಗಗೊಂಡರೆ ಎರಡೂ ಪದ್ಧತಿಗಳ ಗುಣಗಳನ್ನು ಉಳಿಸಿಕೊಳ್ಳಬಹುದು.

ಕನ್ನಡ ಅಧ್ಯಾಪಕರ ಮಟ್ಟಿಗೆ ಇದರ ಅರ್ಥ ಸರಳವಾದುದು. ಬಸದಿಯ ಬಗೆಗೆ ಪಾಠ ಮಾಡುವಾಗ ಜೈನ ವಿದ್ಯಾರ್ಥಿನಿಯೊಬ್ಬಳು, ಸೂಫಿಗಳ ಬಗೆಗೆ ಪಾಠ ಮಾಡುವಾಗ ಮುಸ್ಲಿಂ ವಿದ್ಯಾರ್ಥಿಯೊಬ್ಬ, ವಚನಗಳ ಪಾಠದಲ್ಲಿ ಲಿಂಗಾಯತ ಹಾಗೂ ದಲಿತ ವಿದ್ಯಾರ್ಥಿಗಳು ಮುಂದಿನ ಬೆಂಚಿನಲ್ಲಿ ಕುಳಿತಿದ್ದಾರೆ ಎಂದು ಭಾವಿಸಿ ಟಿಪ್ಪಣಿಯನ್ನು ಸಿದ್ಧಪಡಿಸಿಕೊಳ್ಳುವುದು ಈ ಸಮ್ಮತಿಯ ಮೊದಲ ಹೆಜ್ಜೆ. ಅನೇಕ ತರಗತಿಗಳಲ್ಲಿ ಹಾಗೆ ಭಾವಿಸಿಕೊಳ್ಳುವ ಅಗತ್ಯವೂ ಇಲ್ಲ. ಅವರು ಅಲ್ಲಿ ಕುಳಿತೇ ಇರುತ್ತಾರೆ.